ಮಾಸ್ಟರ್ ಬೆಡ್‌ರೂಮ್ ನೈಋತ್ಯದಲ್ಲೇ ಇರಬೇಕಾ?

ಓದುಗರ ಪ್ರಶ್ನೆ: ಬೆಂಗಳೂರಿನಲ್ಲಿ 30×40 ಸೈಟಿನಲ್ಲಿ ಮನೆ ಕಟ್ಟಿಸ್ತಾ ಇದ್ದೀವಿ. ವಾಸ್ತು ನೋಡಿದವರು ಮಾಸ್ಟರ್ ಬೆಡ್‌ರೂಮ್ ನೈಋತ್ಯ ಮೂಲೆಯಲ್ಲೇ ಬರಬೇಕು ಅಂತಾರೆ. ಇಂಜಿನಿಯರ್ ಅಲ್ಲಿ ಸೆಕೆ ಜಾಸ್ತಿ ಅಂತಾರೆ. ಯಾರ ಮಾತು ಕೇಳೋದು?

ಉತ್ತರ: ನೈಋತ್ಯದಲ್ಲೇ ಇಡಿ. ಆದರೆ ಇಂಜಿನಿಯರ್ ಹೇಳಿದ್ದೂ ಸುಮ್ನೆ ಅಲ್ಲ. ಪಶ್ಚಿಮದ ಗೋಡೆಗೆ ಮೊದಲು ಒಂದು ದಾರಿ ಮಾಡಿಕೊಳ್ಳಬೇಕು.

ಮಧ್ಯಾಹ್ನದಿಂದ ಸಂಜೆವರೆಗೆ ಬಿಸಿಲು ಆ ಗೋಡೆಗೇ ಹೊಡೆಯುತ್ತದೆ. ಇಟ್ಟಿಗೆಯಾಗಲಿ, ಸಿಮೆಂಟ್ ಬ್ಲಾಕ್ ಆಗಲಿ, ಶಾಖ ಅದನ್ನು ದಾಟಿ ಒಳಗೆ ಬರಲು ಕೆಲವು ಗಂಟೆ ಹಿಡಿಯುತ್ತದೆ. ಹಾಗಾಗಿ ಸರಿಯಾಗಿ ಮಲಗುವ ಹೊತ್ತಿಗೇ ರೂಮು ಕಾಯುತ್ತದೆ. ಏಪ್ರಿಲ್‌ನಲ್ಲಿ ರಾತ್ರಿ ಹತ್ತು ಗಂಟೆಗೆ ಅಂಥ ಗೋಡೆಯನ್ನು ಒಳಗಿನಿಂದ ಮುಟ್ಟಿ ನೋಡಿ, ಇನ್ನೂ ಬೆಚ್ಚಗಿರುತ್ತದೆ.

ಸಜ್ಜಾ ಹಾಕಿದರೆ ಆಗಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ಪಶ್ಚಿಮಕ್ಕೆ ಅದು ಸಾಲದು. ಸಂಜೆ ಸೂರ್ಯ ಕೆಳಗಿಳಿದಿರುತ್ತಾನೆ, ಬಿಸಿಲು ಸಜ್ಜಾದ ಅಡಿಯಿಂದಲೇ ನುಗ್ಗುತ್ತದೆ. ದಕ್ಷಿಣದ ಕತೆ ಬೇರೆ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಸೂರ್ಯ ನೆತ್ತಿಯ ಮೇಲೆ ಬಂದು, ಆಮೇಲೆ ಆಗಸ್ಟ್ 18ರ ಸುಮಾರಿನವರೆಗೂ ಉತ್ತರಕ್ಕೇ ವಾಲಿರುತ್ತಾನೆ. ಅಂದರೆ ಮೇ ತಿಂಗಳ ಬಿರುಬಿಸಿಲಿನಲ್ಲೂ ದಕ್ಷಿಣದ ಗೋಡೆ ನೆರಳಲ್ಲಿರುತ್ತದೆ. ಮಾರ್ಚ್‌ನಲ್ಲಿ ಸ್ವಲ್ಪ ಬಿಸಿಲು ಬಿದ್ದರೂ ಅದು ಮೇಲಿನಿಂದ ಬರುತ್ತದೆ, ಎರಡು ಅಡಿ ಸಜ್ಜಾ ತಡೆಯುತ್ತದೆ. ಅದಕ್ಕೇ ದೊಡ್ಡ ಕಿಟಕಿಯನ್ನು ದಕ್ಷಿಣಕ್ಕೆ ಇಡಿ.

ಪಶ್ಚಿಮದ ಗೋಡೆಗೆ ಉದ್ದಕ್ಕೂ ವಾರ್ಡ್‌ರೋಬ್ ಕೊಡಿ, ಅದರ ಉತ್ತರದ ತುದಿಗೆ ಬಾತ್‌ರೂಮ್ ತನ್ನಿ. ಬಿಸಿಲಿನ ಪೆಟ್ಟು ಬಟ್ಟೆಗೂ ಬಚ್ಚಲಿಗೂ ಬೀಳಲಿ, ನಿಮಗೆ ಬೇಡ. ಮಂಚವನ್ನು ಪೂರ್ವದ ಒಳಗೋಡೆಗೆ ಒತ್ತಿಸಿದರೆ ತಲೆ ಪೂರ್ವಕ್ಕೆ ಬರುತ್ತದೆ. ಭಾರದ ಬೀರು ನೈಋತ್ಯಕ್ಕೆ, ತಲೆ ಪೂರ್ವಕ್ಕೆ ಅಂದರೆ ವಾಸ್ತುವಿನವರೂ ಒಪ್ಪುತ್ತಾರೆ. ಇಬ್ಬರ ಜಗಳ ಇಲ್ಲಿಗೆ ಮುಗಿಯುತ್ತದೆ.

ಪ್ಲ್ಯಾನ್‌ಗೆ ಸಹಿ ಹಾಕುವ ಮೊದಲು ಒಂದು ಸಲ ಸಂಜೆ ನಾಲ್ಕಕ್ಕೆ ಸೈಟಿಗೆ ಹೋಗಿ ನಿಂತು ನೋಡಿ. ಪಶ್ಚಿಮದ ಪಕ್ಕದಲ್ಲಿ ಮೂರು ಮಹಡಿ ಮನೆ ಎದ್ದಿದ್ದರೆ ಅದರ ನೆರಳು ನಿಮ್ಮ ಗೋಡೆಯನ್ನು ಕಾಯುತ್ತದೆ, ಇಷ್ಟೆಲ್ಲ ತಲೆಕೆಡಿಸಿಕೊಳ್ಳಬೇಕಿಲ್ಲ.

ದಿಕ್ಕಿನ ಗಲಾಟೆಯಲ್ಲಿ ರಸ್ತೆ ಮರೆತೇ ಹೋಗುತ್ತದೆ. ಸೈಟು ಪೂರ್ವಕ್ಕೋ ಉತ್ತರಕ್ಕೋ ಮುಖ ಮಾಡಿದ್ದರೆ ನೈಋತ್ಯ ಹಿಂದಿನ ಮೂಲೆಯಾಗುತ್ತದೆ, ನಿದ್ದೆಗೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ. ಪಶ್ಚಿಮಕ್ಕೋ ದಕ್ಷಿಣಕ್ಕೋ ಮುಖವಿದ್ದರೆ ಅದೇ ಮೂಲೆ ರಸ್ತೆಗೆ ಬರುತ್ತದೆ. ಬಸ್ಸು ಓಡಾಡುವ ರಸ್ತೆಯಾದರೆ ನಾನಂತೂ ಬೆಡ್‌ರೂಮನ್ನು ಹಿಂದಕ್ಕೆ ತಳ್ಳಿ ಅನ್ನುತ್ತೇನೆ, ವಾಸ್ತುವಿನವರು ಏನೇ ಹೇಳಲಿ.

ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದರೆ ಅಟ್ಯಾಚ್ಡ್ ಬಾತ್‌ರೂಮ್ ಇರುವ ರೂಮು ಕೆಳಗಡೆ ಒಂದು ಬೇಕೇ ಬೇಕು. ನಿಮ್ಮದು ಮೇಲಿನ ಮಹಡಿಯಾದರೆ ತಾರಸಿಗೂ ಬಿಳಿ ಬಣ್ಣ ಹೊಡೆಸಿ. ಗೋಡೆಗಿಂತ ಹೆಚ್ಚು ಶಾಖ ಅಲ್ಲಿಂದ ಇಳಿಯುತ್ತದೆ.