ಸಲೂನ್ ಬ್ಲೇಡು, ಹಾಲಿನ ಪ್ಯಾಕೆಟ್ಟು ಮತ್ತು ವೈರಸ್ಸಿನ ಆಯುಸ್ಸು

ಸಲೂನ್‌ನಲ್ಲಿ ಶೇವಿಂಗ್ ಮಾಡಿಸುವಾಗ ಬ್ಲೇಡ್ ತಾಗಿ ರಕ್ತ ಬಂತು ಎಂದು ಹೆದರಿ ಕ್ಲಿನಿಕ್ಕಿಗೆ ಬರುವವರು ಬೆಂಗಳೂರಿನಲ್ಲಿ ಬಹಳ ಮಂದಿ. ಹೆಚ್ಚಿನವರು ಇಪ್ಪತ್ತು ಮೂವತ್ತರ ಹುಡುಗರು. ರಾತ್ರಿಯೆಲ್ಲ ಮೊಬೈಲಿನಲ್ಲಿ ಹುಡುಕಿ, ನಿದ್ದೆಗೆಟ್ಟು ಬಂದಿರುತ್ತಾರೆ. ಕೇಳುವುದು ಒಂದೇ ಪ್ರಶ್ನೆ: "ಡಾಕ್ಟ್ರೇ, ಎಚ್‌ಐವಿ ಹೊರಗಡೆ ಎಷ್ಟು ಹೊತ್ತು ಬದುಕಿರುತ್ತೆ?" ರಕ್ತದಿಂದ ಹರಡಿ ಲಿವರನ್ನು ಹಾಳುಮಾಡುವ ಹೆಪಟೈಟಿಸ್ ಬಿ ವೈರಸ್ ಬಗ್ಗೆ ಯಾರೂ ಕೇಳುವುದಿಲ್ಲ. ಸಲೂನ್ ಬ್ಲೇಡಿನ ವಿಷಯದಲ್ಲಿ ಮೊದಲು ಕೇಳಬೇಕಾದದ್ದು ಅದನ್ನೇ.

ಎಚ್‌ಐವಿ ದೇಹದ ಹೊರಗೆ ತುಂಬಾ ದುರ್ಬಲ. ರಕ್ತ ಒಣಗುತ್ತಾ ಬಂದಂತೆ ಅದೂ ಸಾಯುತ್ತಾ ಬರುತ್ತದೆ. ರೋಗಿಯ ರಕ್ತದಲ್ಲಿ ಇರುವುದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ವೈರಸ್ಸನ್ನು ಲ್ಯಾಬಿನಲ್ಲಿ ಒಣಗಿಸಿ ನೋಡಿದ್ದಾರೆ. ಆಗಲೂ ಕೆಲವೇ ಗಂಟೆಗಳಲ್ಲಿ ಶೇ 90ರಿಂದ 99ರಷ್ಟು ಸೋಂಕು ಹರಡುವ ಶಕ್ತಿ ಹೋಗಿತ್ತು. ಸಿರಿಂಜಿನ ಕಥೆ ಬೇರೆ. ಅದರೊಳಗೆ ರಕ್ತ ಬೇಗ ಒಣಗುವುದಿಲ್ಲ, ಹಾಗಾಗಿ ವೈರಸ್ ದಿನಗಟ್ಟಲೆ, ತಂಪಿನಲ್ಲಿ ವಾರಗಟ್ಟಲೆ ಉಳಿಯಬಹುದು. ಒಬ್ಬರು ಚುಚ್ಚಿಕೊಂಡ ಸೂಜಿಯನ್ನು ಇನ್ನೊಬ್ಬರು ಬಳಸುವುದು ಅಪಾಯ ಅನ್ನುವುದು ಇದಕ್ಕೇ.

ಹೆಪಟೈಟಿಸ್ ಬಿ ಹಾಗಲ್ಲ. ಒಣಗಿದ ರಕ್ತದಲ್ಲೂ ಕನಿಷ್ಠ 7 ದಿನ ಅದಕ್ಕೆ ಸೋಂಕು ತರುವ ಶಕ್ತಿ ಇರುತ್ತದೆ. ಕಣ್ಣಿಗೆ ಕಾಣದಷ್ಟು ರಕ್ತ ಸಾಕು. ಆಸ್ಪತ್ರೆಯಲ್ಲಿ ನರ್ಸ್ ಒಬ್ಬರಿಗೆ ಎಚ್‌ಐವಿ ಇರುವ ರೋಗಿಗೆ ಬಳಸಿದ ಸೂಜಿ ಚುಚ್ಚಿತು ಅಂದುಕೊಳ್ಳಿ. ಚಿಕಿತ್ಸೆ ತೆಗೆದುಕೊಳ್ಳದಿದ್ದರೂ ಸೋಂಕು ತಗಲುವುದು ಸಾವಿರದಲ್ಲಿ ಸುಮಾರು 3 ಜನರಿಗೆ. ರೋಗಿಗೆ ಹೆಪಟೈಟಿಸ್ ಬಿ ಇದ್ದು, ನರ್ಸ್ ಲಸಿಕೆ ಹಾಕಿಸಿಕೊಂಡಿಲ್ಲದಿದ್ದರೆ ನೂರರಲ್ಲಿ 6ರಿಂದ 30 ಜನರಿಗೆ ತಗಲಬಹುದು. ಎಷ್ಟು ದೊಡ್ಡ ಅಂತರ ನೋಡಿ! ನಾವು ಹೆದರುವುದು ಮಾತ್ರ ಮೊದಲನೆಯದಕ್ಕೆ.

ನನಗೆ ಬೇಜಾರಾಗುವುದು ಇಲ್ಲಿ. ಹೆಪಟೈಟಿಸ್ ಬಿ ತಡೆಯಲು ಒಳ್ಳೆಯ ಲಸಿಕೆ ಇದೆ. ಮೊದಲ ಡೋಸ್, ಒಂದು ತಿಂಗಳಿಗೆ ಎರಡನೆಯದು, ಆರನೇ ತಿಂಗಳಿಗೆ ಮೂರನೆಯದು, ಅಷ್ಟೇ. ಈಗ ಹುಟ್ಟಿದ ಮಗುವಿಗೆ 24 ಗಂಟೆಯೊಳಗೇ ಹಾಕುತ್ತಾರೆ. ಆದರೆ ಸರ್ಕಾರಿ ಲಸಿಕೆಯ ಪಟ್ಟಿಯಲ್ಲಿ ಇದು ದೇಶದಾದ್ಯಂತ ಬಂದದ್ದು 2011ರ ಆಸುಪಾಸಿನಲ್ಲಿ. ಅದಕ್ಕಿಂತ ಮುಂಚೆ ಹುಟ್ಟಿದ ಎಷ್ಟೋ ಜನ ಹಾಕಿಸಿಕೊಂಡೇ ಇಲ್ಲ. ಸಲೂನ್‌ಗೆ ಹೋಗುವವರು, ಟ್ಯಾಟೂ ಹಾಕಿಸುವವರು, ಡಯಾಲಿಸಿಸ್‌ನಲ್ಲಿರುವವರು, ಬಿಬಿಎಂಪಿ ಕಾಲದಿಂದ ಇಂದಿನವರೆಗೂ ಬರಿಗೈಯಲ್ಲಿ ನಮ್ಮ ಕಸ ಬೇರ್ಪಡಿಸುತ್ತಿರುವ ಪೌರಕಾರ್ಮಿಕರು, ಇವರಿಗೆಲ್ಲ ಈ ಲಸಿಕೆ ಬೇಕು. ಮನೆಯಲ್ಲಿ ಬಳಸಿದ ಇನ್ಸುಲಿನ್ ಸೂಜಿಯನ್ನು ಹಾಗೇ ಕಸದ ಚೀಲಕ್ಕೆ ಹಾಕಬೇಡಿ. ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ, ಮುಚ್ಚಿ, ಬೇರೆಯಾಗಿ ಕೊಡಿ.

ಬ್ಲೇಡ್ ತಾಗಿದರೆ ಏನು ಮಾಡಬೇಕು? ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆಯಿರಿ. ಹಿಂಡಿ ರಕ್ತ ತೆಗೆಯಬೇಡಿ. ಹೊಸ ಬ್ಲೇಡ್ ಆಗಿದ್ದರೆ ಚಿಂತೆ ಬಿಡಿ. ಬೇರೆಯವರಿಗೆ ಬಳಸಿದ್ದು ಅನ್ನುವ ಅನುಮಾನವಿದ್ದು, ಹೆಪಟೈಟಿಸ್ ಬಿ ಲಸಿಕೆ ಆಗಿಲ್ಲದಿದ್ದರೆ ಅದೇ ದಿನ ಡಾಕ್ಟರ ಹತ್ತಿರ ಹೋಗಿ ಲಸಿಕೆ ಶುರು ಮಾಡಿಸಿ. ಎಚ್‌ಐವಿಗೆ ನಿಜವಾಗಿ ಒಡ್ಡಿಕೊಂಡಿದ್ದರೆ, ಅಂದರೆ ರಕ್ತವಿದ್ದ ಸೂಜಿ ಚುಚ್ಚಿದ್ದರೆ ಅಥವಾ ಕಾಂಡೋಮ್ ಇಲ್ಲದ ಸಂಪರ್ಕ ಆಗಿದ್ದರೆ, 72 ಗಂಟೆಯೊಳಗೆ ಮಾತ್ರೆ ಶುರು ಮಾಡಿ 28 ದಿನ ತೆಗೆದುಕೊಳ್ಳಬೇಕು. ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲಿ ಎಚ್‌ಐವಿಗೆ ಚಿಕಿತ್ಸೆ ಕೊಡುವ ಎಆರ್‌ಟಿ ಕೇಂದ್ರದಲ್ಲಿ ವಿಚಾರಿಸಿ. ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿದರೂ ಹೇಳುತ್ತಾರೆ, ದುಡ್ಡು ಕಟ್ಟಬೇಕಿಲ್ಲ.

"ಅತ್ತಿಗೆಗೆ ಎಚ್‌ಐವಿ ಇದೆ, ತಟ್ಟೆ ಲೋಟ ಬೇರೆ ಇಟ್ಟಿದ್ದೀವಿ, ಸರೀನಾ?" ಅಂತ ಈಗಲೂ ಕೇಳುವವರಿದ್ದಾರೆ. ಸರಿಯಲ್ಲ. ತಟ್ಟೆಯಿಂದ, ಬಚ್ಚಲಿನಿಂದ, ಟಾಯ್ಲೆಟ್ ಸೀಟಿನಿಂದ, ಸೊಳ್ಳೆಯಿಂದ, ಅಪ್ಪುಗೆಯಿಂದ ಎಚ್‌ಐವಿ ಬರುವುದಿಲ್ಲ. ಮಾತ್ರೆ ಸರಿಯಾಗಿ ತೆಗೆದುಕೊಂಡು, ಟೆಸ್ಟಿನಲ್ಲಿ ಕಾಣದಷ್ಟು ವೈರಸ್ ಇಳಿದವರಿಂದ ಲೈಂಗಿಕ ಸಂಪರ್ಕದಲ್ಲೂ ಹರಡುವುದಿಲ್ಲ. ಮನೆಯವರು ಊಟದ ತಟ್ಟೆ ಬೇರೆ ಮಾಡಿದ ದಿನ ಆ ಹೆಣ್ಣುಮಗಳಿಗೆ ಆಗುವ ನೋವಿಗೆ ನನ್ನ ಹತ್ತಿರ ಔಷಧಿ ಇಲ್ಲ.

ಈ ವೈರಸ್‌ಗಳ ನಡುವೆ ಇಷ್ಟು ವ್ಯತ್ಯಾಸ ಯಾಕೆ? ಮುಖ್ಯವಾಗಿ ಮೇಲ್ಪದರದಿಂದ. ಎಚ್‌ಐವಿ, ಫ್ಲೂ, ಕೊರೊನಾ ವೈರಸ್‌ಗಳಿಗೆ ಹೊರಗೆ ಕೊಬ್ಬಿನ ತೆಳು ಪೊರೆ ಇರುತ್ತದೆ. ಎಣ್ಣೆ ಜಿಡ್ಡಿನ ಬಾಣಲೆಗೆ ಸೋಪಿನ ಪುಡಿ ಹಾಕಿದ ಹಾಗೆ, ಸೋಪು ತಾಗಿದರೆ ಆ ಪೊರೆ ಬಿಟ್ಟುಕೊಳ್ಳುತ್ತದೆ. ಪೊರೆ ಹೋದರೆ ವೈರಸ್ ಕೆಲಸಕ್ಕೆ ಬಾರದು. ಸ್ಯಾನಿಟೈಸರ್‌ನ ಆಲ್ಕೋಹಾಲಿಗೂ ಅದು ಬಗ್ಗುತ್ತದೆ. ವಾಂತಿ ಭೇದಿ ತರುವ ನೊರೊ, ರೋಟಾ, ಕಾಮಾಲೆ ತರುವ ಹೆಪಟೈಟಿಸ್ ಎ ವೈರಸ್‌ಗಳಿಗೆ ಕೊಬ್ಬಿನ ಪೊರೆಯೇ ಇಲ್ಲ. ಗಟ್ಟಿ ಪ್ರೋಟೀನ್ ಚಿಪ್ಪು ಮಾತ್ರ. ಅವು ದಿನಗಟ್ಟಲೆ, ವಾರಗಟ್ಟಲೆ ಹೊರಗೆ ತಡೆದುಕೊಳ್ಳುತ್ತವೆ. ಹೆಪಟೈಟಿಸ್ ಬಿ ಪೊರೆ ಇದ್ದೂ ಗಟ್ಟಿಯಾಗಿರುವ ವೈರಸ್.

ಇನ್ನೊಂದು ವಿಷಯ ತಿಳಿದುಕೊಂಡರೆ ಅರ್ಧ ಭಯ ಕಡಿಮೆಯಾಗುತ್ತದೆ. 2020ರಲ್ಲಿ "ಕೊರೊನಾ ಪ್ಲಾಸ್ಟಿಕ್ ಮೇಲೆ ಮೂರು ದಿನ ಬದುಕುತ್ತೆ" ಎಂದು ಸುದ್ದಿ ಬಂತು. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಹಾಲಿನ ಪ್ಯಾಕೆಟ್ಟನ್ನು ಸೋಪಿನಲ್ಲಿ ತೊಳೆದರು. ಆಗ ಏನೂ ಗೊತ್ತಿರಲಿಲ್ಲ, ತೊಳೆದದ್ದು ತಪ್ಪಲ್ಲ. ಆದರೆ ಆ ಸುದ್ದಿಗೆ ಆಧಾರವಾದ ಲ್ಯಾಬ್ ಪ್ರಯೋಗದಲ್ಲೇ ಇನ್ನೊಂದು ಅಂಕಿ ಇತ್ತು. ಪ್ಲಾಸ್ಟಿಕ್ ಮೇಲೆ ಸುಮಾರು 6.8 ಗಂಟೆಗೊಮ್ಮೆ ವೈರಸ್ ಅರ್ಧಕ್ಕೆ ಇಳಿಯುತ್ತಿತ್ತು. ಅಂದರೆ ಒಂದು ದಿನ ಕಳೆಯುವಷ್ಟರಲ್ಲಿ ಹತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ ಉಳಿಯುತ್ತದೆ. ಮೂರು ದಿನ ಅನ್ನುವುದು ಕೊನೆಯ ಚೂರುಪಾರು ಸಿಕ್ಕ ಹೊತ್ತು. ಚೂರುಪಾರು ಉಳಿದರೆ ಸಾಲದು. ಸೋಂಕು ತರುವಷ್ಟು ಉಳಿಯಬೇಕು, ಕೈಗೆ ಹತ್ತಬೇಕು, ಕೈಯಿಂದ ಮೂಗಿಗೋ ಕಣ್ಣಿಗೋ ಬಾಯಿಗೋ ಹೋಗಬೇಕು. ಮೆಟ್ರೊ ಕಂಬಿಯಲ್ಲಿ ಪಿಸಿಆರ್ ಟೆಸ್ಟ್ ಮಾಡಿ ವೈರಸ್ ಸಿಕ್ಕಿತು ಅಂದರೂ ಅದು ಜೀವಂತ ಇದೆ ಎಂದಲ್ಲ. ಸತ್ತ ವೈರಸ್ಸಿನ ತುಣುಕೂ ಆ ಟೆಸ್ಟಿಗೆ ಸಿಗುತ್ತದೆ.

ಕೊರೊನಾ ಹರಡಿದ್ದು ಮುಖ್ಯವಾಗಿ ಉಸಿರಿನಿಂದ. ಪ್ಯಾಕೆಟ್ ತೊಳೆದ ನಾವು ಮದುವೆ ಛತ್ರದ ಕಿಟಕಿ ತೆರೆಯಲಿಲ್ಲ. ದಡಾರ ಇನ್ನೂ ಜೋರು. ರೋಗಿ ಕೋಣೆ ಬಿಟ್ಟು ಹೋದ ಮೇಲೂ ಅದು 2 ಗಂಟೆಯವರೆಗೆ ಆ ಗಾಳಿಯಲ್ಲಿ ಇರಬಲ್ಲದು. ಅಲ್ಲಿ ಮಗುವನ್ನು ಕಾಯುವುದು ಲಸಿಕೆಯೇ.

ಮುಟ್ಟಿದ ಜಾಗದಿಂದ ಹರಡುವುದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕಾದ್ದು ವಾಂತಿ ಭೇದಿಯಲ್ಲಿ. ಪ್ಲೇ ಹೋಮ್‌ನಲ್ಲಿ ಒಂದು ಮಗು ವಾಂತಿ ಮಾಡಿಕೊಂಡಿತು ಅನ್ನಿ. ಆಯಾ ಒದ್ದೆ ಬಟ್ಟೆಯಲ್ಲಿ ಒರೆಸಿ, ಸ್ವಲ್ಪ ಫಿನಾಯಿಲ್ ಹಾಕಿ, ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡು ತಿಂಡಿ ಬಡಿಸಲು ಹೋಗುತ್ತಾರೆ. ಅದು ನೊರೊವೈರಸ್ ಆಗಿದ್ದರೆ ಎರಡು ದಿನದಲ್ಲಿ ತರಗತಿಯ ಅರ್ಧ ಮಕ್ಕಳು ಮಲಗುವ ಸಾಧ್ಯತೆ ಇದೆ. ತೀರಾ ಕೆಲವೇ ಕಣಗಳು ಸಾಕು ಅದಕ್ಕೆ, ಸ್ಯಾನಿಟೈಸರ್ ಅದರ ಮೇಲೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಗ್ಲೌಸ್, ಮಾಸ್ಕ್ ಹಾಕಿ ಪೇಪರ್‌ನಲ್ಲಿ ವಾಂತಿ ತೆಗೆದು ಚೀಲಕ್ಕೆ ಕಟ್ಟಿ. ಶೇ 5ರ ಬ್ಲೀಚ್ ದ್ರಾವಣವನ್ನು ಲೀಟರ್ ನೀರಿಗೆ 20 ಮಿ.ಲೀ.ಗಿಂತ ಕಡಿಮೆ ಇಲ್ಲದಂತೆ ಬೆರೆಸಿ ಆ ಜಾಗಕ್ಕೆ ಹಾಕಿ, ಐದು ಹತ್ತು ನಿಮಿಷ ಬಿಟ್ಟು ಒರೆಸಿ. ಕಿಟಕಿ ತೆರೆದಿರಲಿ. ಬ್ಲೀಚಿಗೆ ಆಸಿಡ್ ಅಥವಾ ಟಾಯ್ಲೆಟ್ ಕ್ಲೀನರ್ ಬೆರೆಸಲೇಬೇಡಿ, ವಿಷದ ಗಾಳಿ ಬರುತ್ತದೆ. ಕೈಯನ್ನು ಸೋಪು ನೀರಿನಲ್ಲಿ ಉಜ್ಜಿ ತೊಳೆಯಿರಿ. ವೈರಸ್ ಸಾಯದಿದ್ದರೂ ನೀರಿನ ಜೊತೆ ಕೊಚ್ಚಿ ಹೋಗುತ್ತದೆ. ಕೈ, ಕಾಲು, ಬಾಯಿಯಲ್ಲಿ ಗುಳ್ಳೆ ಬರುವ ಮಕ್ಕಳ ಕಾಯಿಲೆಗೂ ಇದೇ ಕ್ರಮ. ಗುಳ್ಳೆ ಒಣಗಿದ ಮೇಲೂ ವಾರಗಟ್ಟಲೆ ಮಗುವಿನ ಮಲದಲ್ಲಿ ಆ ವೈರಸ್ ಹೋಗುತ್ತಿರುತ್ತದೆ, ಡಯಾಪರ್ ಬದಲಿಸಿದ ಪ್ರತಿ ಸಲ ಕೈ ತೊಳೆಯಿರಿ.

ಕೊನೆಗೆ ಬೀದಿನಾಯಿ. ಒಣಹಾಕಿದ ಬಟ್ಟೆ ನೆಕ್ಕಿತು, ರೇಬೀಸ್ ಬರುತ್ತಾ ಎಂದು ಫೋನ್ ಮಾಡುತ್ತಾರೆ. ಆ ವೈರಸ್ ಬಿಸಿಲಿಗೆ, ಒಣಗಿದರೆ ಬೇಗ ಸಾಯುತ್ತದೆ. ಬಟ್ಟೆ ಒಗೆದು ಹಾಕಿಕೊಳ್ಳಿ. ಆದರೆ ಕಚ್ಚಿದ್ದರೆ, ಪರಚಿದ್ದರೆ, ಗಾಯವನ್ನು ನೆಕ್ಕಿದ್ದರೆ ತಡ ಮಾಡಬೇಡಿ. ನಲ್ಲಿಯ ಕೆಳಗೆ ಸೋಪು ಹಚ್ಚಿ ಪೂರ್ತಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಮೆಣಸಿನಪುಡಿ ಹಚ್ಚಬೇಡಿ. ಅದೇ ದಿನ ಲಸಿಕೆ ಶುರುವಾಗಬೇಕು. ರಕ್ತ ಬಂದಿದ್ದರೆ ಅಥವಾ ಗಾಯವನ್ನು ನೆಕ್ಕಿದ್ದರೆ ಲಸಿಕೆಯ ಜೊತೆಗೆ ಗಾಯದೊಳಕ್ಕೆ ಕೊಡುವ ಇಮ್ಯುನೊಗ್ಲೋಬ್ಯುಲಿನ್ ಇಂಜೆಕ್ಷನ್ ಕೂಡ ಬೇಕು. ಆಸ್ಪತ್ರೆಯಲ್ಲಿ ಅದನ್ನು ಹೆಸರು ಹೇಳಿ ಕೇಳಿ.