ಡಿಜಿಟಲ್ ಕಂದಕ: ಸಿಗ್ನಲ್ ಬಂದ ಮೇಲೂ ಉಳಿಯುವ ದೂರ

ಡಿಜಿಟಲ್ ಕಂದಕ ಅಂದ ತಕ್ಷಣ ‘ಇಂಟರ್ನೆಟ್ ಇರುವವರು, ಇಲ್ಲದವರು’ ಎಂದು ಪರೀಕ್ಷೆಯಲ್ಲಿ ಬರೆದು ಮುಂದೆ ಹೋಗುತ್ತೇವೆ, ಅಲ್ವಾ? ಓದುತ್ತಾ ಹೋದ ಹಾಗೆ ನನಗೆ ಗಟ್ಟಿಯಾದದ್ದು ಬೇರೆ. ಇದು ಒಂದೇ ಕಂದಕ ಅಲ್ಲ. ಊರಿಗೆ ಇಂಟರ್ನೆಟ್ ತಲುಪದಿರುವುದು ಒಂದು. ತಲುಪಿದರೂ ಜನ ಬಳಸಲು ಆಗದಿರುವುದು ಇನ್ನೊಂದು. ದೇಶಗಳು ಕೈಜೋಡಿಸಿ ಮೊದಲನೆಯದನ್ನು ಬಹುಪಾಲು ತುಂಬಿವೆ. ಎರಡನೆಯದು ಹಾಗೇ ಬಾಯ್ದೆರೆದು ನಿಂತಿದೆ.

ಮೊದಲನೆಯದಕ್ಕೆ ಟೊಂಗಾ ಒಳ್ಳೆಯ ಉದಾಹರಣೆ. ಪೆಸಿಫಿಕ್ ಸಾಗರದ ಪುಟ್ಟ ದ್ವೀಪರಾಷ್ಟ್ರ, ಜನಸಂಖ್ಯೆ ಸುಮಾರು 1 ಲಕ್ಷ. ಇಷ್ಟು ಸಣ್ಣ ಮಾರುಕಟ್ಟೆಗೆ ಯಾವ ಖಾಸಗಿ ಕಂಪನಿಯೂ ತಾನಾಗಿ ಸಮುದ್ರದಡಿ ಕೇಬಲ್ ಎಳೆಯುವುದಿಲ್ಲ. ಹಾಕಿದ ಹಣ ವಾಪಸ್ ಬರುವುದಿಲ್ಲವಲ್ಲ. ಹಾಗಾಗಿ ವಿಶ್ವಬ್ಯಾಂಕ್ ಮತ್ತು ಏಷ್ಯನ್ ಅಭಿವೃದ್ಧಿ ಬ್ಯಾಂಕ್ ನೆರವು ಕೊಟ್ಟವು. ಫಿಜಿಯಿಂದ 827 ಕಿ.ಮೀ. ಕೇಬಲ್ 2013ರಲ್ಲಿ ಬಂತು.

2022ರ ಜನವರಿ 15ರಂದು ಹತ್ತಿರದ ಹುಂಗಾ ಟೊಂಗಾ ಜ್ವಾಲಾಮುಖಿ ಸಿಡಿಯಿತು. ಹೊರಜಗತ್ತಿಗಿದ್ದ ಆ ಒಂದೇ ಕೇಬಲ್ ತುಂಡಾಯಿತು. ನ್ಯೂಜಿಲೆಂಡ್, ಆಸ್ಟ್ರೇಲಿಯಾದಲ್ಲಿ ದುಡಿಯುವ ಟೊಂಗಾದ ಜನರಿಗೆ ಮನೆಯವರು ಬದುಕಿದ್ದಾರಾ ಎಂದು ತಿಳಿಯುವ ದಾರಿಯೇ ಇರಲಿಲ್ಲ. ಆ ನೋವನ್ನು ನೆನೆದರೆ ಈ ವಿಷಯ ಬರೀ ಸಿಲೆಬಸ್ ಆಗಿ ಉಳಿಯುವುದಿಲ್ಲ. ದುರಸ್ತಿ ಹಡಗು ಪಪುವಾ ನ್ಯೂಗಿನಿಯಿಂದ ಬರಬೇಕಾಯಿತು. ಮುಖ್ಯ ದ್ವೀಪಕ್ಕೆ ಸಂಪರ್ಕ ಮರಳಲು ಐದು ವಾರ ಹಿಡಿಯಿತು. ಹೊರಗಿನ ವವಾವು ದ್ವೀಪಗಳಿಗೆ ಹೋಗುವ, ದೇಶದೊಳಗಿನ ಕೇಬಲ್ಲೂ ತುಂಡಾಗಿತ್ತು, ಅದು ಸರಿಯಾಗಲು ಒಂದು ವರ್ಷಕ್ಕಿಂತ ಜಾಸ್ತಿ ಬೇಕಾಯಿತು. ಕಂದಕ ದೇಶ ದೇಶಗಳ ನಡುವೆ ಮಾತ್ರ ಅಲ್ಲ, ಒಂದೇ ದೇಶದ ಒಳಗೂ ಇರುತ್ತದೆ ಎನ್ನುವುದಕ್ಕೆ ಈ ಎರಡು ಅವಧಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ.

ಈಗ ಎರಡನೆಯ ಕಂದಕ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ 2024ರ ಅಂದಾಜು ನೋಡೋಣ. ಜಗತ್ತಿನ ಶೇ 68ರಷ್ಟು ಜನ ಇಂಟರ್ನೆಟ್ ಬಳಸುತ್ತಾರೆ. ಸುಮಾರು 260 ಕೋಟಿ ಜನ ಬಳಸುವುದಿಲ್ಲ. ಆದರೆ 3ಜಿ ಅಥವಾ ಅದಕ್ಕಿಂತ ಮೇಲಿನ ಸಿಗ್ನಲ್ ಶೇ 96ರಷ್ಟು ಜನರಿಗೆ ಸಿಗುತ್ತದೆ. ಕಳೆದು ನೋಡಿ. ಬಳಸದ ಶೇ 32ರಲ್ಲಿ ಸಿಗ್ನಲ್ಲೇ ಇಲ್ಲದವರು ಶೇ 4 ಮಾತ್ರ. ಉಳಿದ ಶೇ 28 ಮಂದಿ ಟವರ್ ನೆರಳಲ್ಲೇ ಇದ್ದೂ ಹೊರಗಿದ್ದಾರೆ. ನನ್ನ ಪ್ರಕಾರ ಇಡೀ ಪಾಠದಲ್ಲಿ ನೆನಪಿಡಬೇಕಾದ ಲೆಕ್ಕ ಇದೇ.

ಯಾಕೆ ಹೊರಗಿದ್ದಾರೆ? ಫೋನಿನ ಬೆಲೆ, ರೀಚಾರ್ಜ್ ಖರ್ಚು, ಓದು ಬರಹ, ಭಾಷೆ. ಖರ್ಚಿನ ವಿಷಯಕ್ಕೆ ವಿಶ್ವಸಂಸ್ಥೆಯ ಬ್ರಾಡ್‌ಬ್ಯಾಂಡ್ ಆಯೋಗ ಒಂದು ಗುರಿ ಇಟ್ಟಿತ್ತು. 2025ರ ಹೊತ್ತಿಗೆ ಕನಿಷ್ಠ ಪ್ಯಾಕಿನ ಬೆಲೆ ತಿಂಗಳ ತಲಾ ಆದಾಯದ ಶೇ 2 ಮೀರಬಾರದು ಎಂದು. ಗುರಿ ಒಳ್ಳೆಯದೇ. ಆದರೆ ಸರಾಸರಿಯಲ್ಲಿ ಬಡವರು ಮರೆಯಾಗುತ್ತಾರೆ. ತಲಾ ಆದಾಯ ತಿಂಗಳಿಗೆ 15,000 ರೂಪಾಯಿ ಅಂದುಕೊಳ್ಳಿ. 300 ರೂಪಾಯಿ ಪ್ಯಾಕ್ ಗುರಿಯೊಳಗೇ ಬಂತು. ತಿಂಗಳಿಗೆ 5,000 ದುಡಿಯುವವರಿಗೆ ಅದೇ ಪ್ಯಾಕ್ ಶೇ 6 ಆಗುತ್ತದೆ.

ಒಪ್ಪಂದಗಳ ಚರಿತ್ರೆ ಚುಟುಕಾಗಿ. ದೂರಸಂಪರ್ಕ ಒಕ್ಕೂಟ ಹುಟ್ಟಿದ್ದು 1865ರಲ್ಲಿ, ಪ್ಯಾರಿಸ್‌ನಲ್ಲಿ. ಆಗ ತಂತಿ ಸಂದೇಶ ಗಡಿಯಲ್ಲಿ ನಿಲ್ಲುತ್ತಿತ್ತು, ಅದನ್ನು ಬರೆದುಕೊಂಡು ಆಚೆಯವರ ಕೈಗೆ ಕೊಡಬೇಕಿತ್ತು. ಮಾಹಿತಿ ಸಮಾಜದ ವಿಶ್ವ ಶೃಂಗಸಭೆ 2003ರಲ್ಲಿ ಜಿನೀವಾ, 2005ರಲ್ಲಿ ಟ್ಯುನಿಸ್‌ನಲ್ಲಿ ನಡೆಯಿತು. ಅದೇ ಹೊತ್ತಿಗೆ ಸೆನೆಗಲ್ ಅಧ್ಯಕ್ಷ ಅಬ್ದುಲಾಯೆ ವಾಡ್ ಅವರ ಒತ್ತಾಯದಿಂದ ಡಿಜಿಟಲ್ ಐಕ್ಯತಾ ನಿಧಿ ಶುರುವಾಯಿತು. ಬಡ ದೇಶಗಳ ಕಂದಕ ತುಂಬಲು ಇಷ್ಟವಿದ್ದವರು ಕೊಡಲಿ ಎಂಬ ನಿಧಿ ಅದು. ನಿರೀಕ್ಷಿಸಿದಷ್ಟು ಹಣ ಬರಲಿಲ್ಲ, ಕೆಲವೇ ವರ್ಷಗಳಲ್ಲಿ ನಿಂತುಹೋಯಿತು. 2024ರ ಸೆಪ್ಟೆಂಬರ್ 22ರಂದು ವಿಶ್ವಸಂಸ್ಥೆಯ ದೇಶಗಳು ನ್ಯೂಯಾರ್ಕ್‌ನಲ್ಲಿ ಒಪ್ಪಿದ ‘ಗ್ಲೋಬಲ್ ಡಿಜಿಟಲ್ ಕಾಂಪ್ಯಾಕ್ಟ್’ ಎಲ್ಲ ಶಾಲೆಗಳಿಗೂ ಇಂಟರ್ನೆಟ್ ಎನ್ನುತ್ತದೆ. ಅದಕ್ಕೂ ಕಾನೂನಿನ ಬಲ ಇಲ್ಲ. ಐಕ್ಯತಾ ನಿಧಿಗೆ ಆದದ್ದು ಇದಕ್ಕೂ ಆದೀತು ಎಂಬ ಭಯ ನನಗಿದೆ.

ಹಣಕ್ಕಿಂತ ಬೇರೆ ಥರದ ಸಹಕಾರವೂ ಇದೆ. ಬೆಂಗಳೂರಿನ ಐಐಐಟಿಯಲ್ಲಿ 2018ರಲ್ಲಿ ಶುರುವಾದ ಮೋಸಿಪ್ ನೋಡಿ. ಗುರುತಿನ ಚೀಟಿ ವ್ಯವಸ್ಥೆ ಕಟ್ಟಲು ಬೇಕಾದ ಸಾಫ್ಟ್‌ವೇರ್ ಅದು. ಕೋಡ್ ಮುಕ್ತವಾಗಿದೆ, ಲೈಸೆನ್ಸ್ ಶುಲ್ಕ ಇಲ್ಲ. ಮೊರಾಕೊ, ಫಿಲಿಪ್ಪೀನ್ಸ್, ಇಥಿಯೋಪಿಯಾ ಅದನ್ನು ತೆಗೆದುಕೊಂಡಿವೆ. ಒಂದು ದೇಶ ತನ್ನ ಪ್ರಜೆಗಳ ದಾಖಲೆಯನ್ನೆಲ್ಲ ಒಂದೇ ವಿದೇಶಿ ಕಂಪನಿಯ ವ್ಯವಸ್ಥೆಗೆ ಕಟ್ಟಿಹಾಕಿದರೆ ಮುಂದೆ ಆ ಕಂಪನಿ ಕೇಳಿದ ಬೆಲೆ ಕೊಡಬೇಕಾಗುತ್ತದೆ. ಕೋಡ್ ಕೈಯಲ್ಲಿದ್ದರೆ ಆ ಹಂಗು ಕಡಿಮೆ. ಆದರೆ ದಾಖಲೆಗಳನ್ನು ಕಾಪಾಡುವ ಕಾನೂನನ್ನು ಆ ದೇಶವೇ ಮಾಡಿಕೊಳ್ಳಬೇಕು. ಸಾಫ್ಟ್‌ವೇರ್ ಜೊತೆ ಅದು ಬರುವುದಿಲ್ಲ.

ಭಾಷೆಯ ಕಂದಕಕ್ಕೆ ನಮ್ಮದೇ ಅನುಭವ ಸಾಕು. ಮೊದಲು ಒಂದು ಫಾಂಟಿನಲ್ಲಿ ಟೈಪ್ ಮಾಡಿದ ಕನ್ನಡ ಇನ್ನೊಂದು ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಗುರುತುಗಳಾಗಿ ತೆರೆಯುತ್ತಿತ್ತು. ಯೂನಿಕೋಡ್ ಎಂಬ ಅಂತರರಾಷ್ಟ್ರೀಯ ಒಪ್ಪಿಗೆಯಲ್ಲಿ ಕನ್ನಡಕ್ಕೆ 128 ಸ್ಥಾನಗಳು ಮೀಸಲಾದವು. ಫೋನು, ಕಂಪ್ಯೂಟರುಗಳಲ್ಲಿ ಅದು ಬಳಕೆಗೆ ಬಂದ ಹಾಗೆ ಕೊಪ್ಪಳದಲ್ಲಿ ಬರೆದ ‘ಕ’ ದುಬೈಯಲ್ಲೂ ‘ಕ’ ಆಗಿಯೇ ತೆರೆಯತೊಡಗಿತು.