ಎಫ್ ಮೋಟಾರಿನ ರಾಕೆಟ್ಟನ್ನು ನಮ್ಮ ಕಾಫಿ ಕಣದಲ್ಲೇ ಹಾರಿಸಬಹುದಾ?

ಪ್ರಶ್ನೆ: ನಮ್ಮದು ಆಲ್ದೂರಿನ ಹತ್ತಿರ ಕಾಫಿ ತೋಟ. ಅಮೆರಿಕದಲ್ಲಿರುವ ಭಾವ ನಮ್ಮ ಮಗನಿಗೆ ಮಿಡ್-ಪವರ್ ಮಾಡೆಲ್ ರಾಕೆಟ್ ಕಿಟ್ ತಂದುಕೊಟ್ಟಿದ್ದಾರೆ. ಎಫ್ ಮೋಟಾರ್, ಅಂದರೆ ರಾಕೆಟ್ಟನ್ನು ಮೇಲಕ್ಕೆ ತಳ್ಳುವ ಮದ್ದಿನ ಕೊಳವೆ, ಹಾಕುವಂಥದ್ದು. ಆ ಮೋಟಾರ್ ಇಲ್ಲ, ಬರೀ ಕಿಟ್. ಮಗ ಪಿಯುಸಿ. ಕಟ್ಟಿ ನಮ್ಮ ಕಣದಲ್ಲೇ ಹಾರಿಸಬಹುದಾ?

ಉತ್ತರ: ಕಟ್ಟಿ, ಖಂಡಿತ ಕಟ್ಟಿ. ಕಣದಲ್ಲಿ ಹಾರಿಸುವುದು ಮಾತ್ರ ಬೇಡ. ರಾಕೆಟ್ ಮೇಲೆ ಹೋಗೋದಕ್ಕೆ ಕಣದಷ್ಟು ಜಾಗ ಸಾಕು. ವಾಪಸ್ ಇಳಿಯೋದಕ್ಕೆ ಸಾಲದು. ಈ ಹವ್ಯಾಸದಲ್ಲಿ ತಲೆ ಕೆಡಿಸಿಕೊಳ್ಳಬೇಕಾದ್ದು ಇಳಿಯೋದರ ಬಗ್ಗೆಯೇ.

ಮೊದಲು ಮೋಟಾರಿನ ಮೇಲಿನ ಬರಹ. ಇಂಗ್ಲಿಷ್ ಅಕ್ಷರ ಒಂದು ಮುಂದಕ್ಕೆ ಹೋದರೆ, ಮೋಟಾರ್ ಉರಿದು ಮುಗಿಯುವ ತನಕ ಕೊಡುವ ಒಟ್ಟು ಬಲದ ಮಿತಿ ಎರಡರಷ್ಟಾಗುತ್ತದೆ. ಸಿ ಮೋಟಾರಿಗೆ 10 ನ್ಯೂಟನ್-ಸೆಕೆಂಡ್, ಎಫ್‌ಗೆ 80, ಜಿಗೆ 160. ಇ, ಎಫ್, ಜಿ ಸಾಮಾನ್ಯವಾಗಿ ಮಿಡ್-ಪವರ್. 'ಎಫ್50-6' ಅಂತ ಇದ್ದರೆ 50 ಅನ್ನೋದು ಸರಾಸರಿ ತಳ್ಳುವ ಬಲ, ನ್ಯೂಟನ್‌ನಲ್ಲಿ. ಕೊನೆಯ 6 ಅಂದರೆ ಮೋಟಾರ್ ಉರಿದು ಮುಗಿದ 6 ಸೆಕೆಂಡಿನ ನಂತರ ಒಳಗಿನ ಸಣ್ಣ ಮದ್ದು ಸಿಡಿದು ಪ್ಯಾರಾಶೂಟನ್ನು ಹೊರಗೆ ತಳ್ಳುತ್ತದೆ. ಈ ಅಂಕಿಯನ್ನು ಜನ ಅಷ್ಟಾಗಿ ಗಮನಿಸುವುದಿಲ್ಲ. ರಾಕೆಟ್ ಎತ್ತರದ ತುದಿ ಮುಟ್ಟಿ ವೇಗ ಕಳೆದುಕೊಂಡ ಹೊತ್ತಿಗೆ ಪ್ಯಾರಾಶೂಟ್ ಬಿಚ್ಚಿಕೊಳ್ಳಬೇಕು. ತಡವಾದರೆ ಅಷ್ಟರಲ್ಲಿ ಅದು ಮೂಗು ಕೆಳಗೆ ಮಾಡಿ ಜೋರಾಗಿ ಬೀಳುತ್ತಿರುತ್ತದೆ, ಆಗ ದಾರ ಜಗ್ಗಿದ ಜಗ್ಗಿಗೆ ರಟ್ಟಿನ ಕೊಳವೆ ಉದ್ದಕ್ಕೂ ಸೀಳಿಹೋಗುತ್ತದೆ.

ಈಗ ನಿಮ್ಮ ಕಣಕ್ಕೆ ಬರೋಣ. ರಾಕೆಟ್ 300 ಮೀಟರ್ ಎತ್ತರದಲ್ಲಿ ಪ್ಯಾರಾಶೂಟ್ ಬಿಚ್ಚಿತು, ಸೆಕೆಂಡಿಗೆ 5 ಮೀಟರಿನಂತೆ ಇಳಿಯಿತು ಅಂದುಕೊಳ್ಳಿ. ನೆಲ ಮುಟ್ಟಲು ಒಂದು ನಿಮಿಷ. ಗಂಟೆಗೆ 15 ಕಿಲೋಮೀಟರಿನ ಹದವಾದ ಗಾಳಿ ಇದ್ದರೂ ಅಷ್ಟರಲ್ಲಿ 250 ಮೀಟರ್ ಪಕ್ಕಕ್ಕೆ ಸರಿದಿರುತ್ತದೆ. ನಿಮ್ಮ ಕಣದಿಂದ 250 ಮೀಟರ್ ಆಚೆ ಏನಿದೆ? ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕೂಲಿಯವರ ಲೈನ್ ಮನೆಗಳು, ಕರೆಂಟ್ ತಂತಿ. ಅಮೆರಿಕದ ಹವ್ಯಾಸಿಗಳ ಸುರಕ್ಷತಾ ನಿಯಮದಲ್ಲಿ ಇ, ಎಫ್, ಜಿ ಮೋಟಾರುಗಳಿಗೆ ಬಯಲು ಕನಿಷ್ಠ 1,000 ಅಡಿ ಅಗಲ ಇರಬೇಕು ಅಂತಿದೆ. ಚೌಕವಾಗಿ ಲೆಕ್ಕ ಹಾಕಿದರೆ ಸುಮಾರು 23 ಎಕರೆ, ಮರವಿಲ್ಲದ್ದು.

ಹಾಗಾದರೆ ಮುಳ್ಳಯ್ಯನಗಿರಿ ಕಡೆಯ ಹುಲ್ಲುಗಾವಲು ಬಯಲೇ ಅಲ್ವಾ ಅಂತ ಕೇಳುವವರಿದ್ದಾರೆ. ದಯವಿಟ್ಟು ಬೇಡ. ಅಲ್ಲಿ ಗಾಳಿ ಜಾಸ್ತಿ, ಫೆಬ್ರವರಿ-ಮಾರ್ಚ್‌ನಲ್ಲಿ ಹುಲ್ಲು ಒಣಗಿ ನಿಂತಿರುತ್ತದೆ, ಪಕ್ಕದಲ್ಲೇ ಶೋಲಾ ಕಾಡು. ಒಂದು ಕಿಡಿ ಬಿದ್ದರೆ ಏನಾಗುತ್ತದೆ ಅಂತ ಆ ಕಡೆಯವರಿಗೆ ಹೇಳಿಕೊಡಬೇಕಿಲ್ಲ. ಜಾಗ ಹುಡುಕುವುದಾದರೆ ಘಟ್ಟದ ಕಡೆಗೆ ಬೆನ್ನು ಮಾಡಿ ಕಡೂರು, ಅರಸೀಕೆರೆ ಕಡೆ ನೋಡಿ. ರಾಗಿ ಕುಯ್ಲು ಮುಗಿದು ಹೊಲ ಖಾಲಿಯಾದ ಜನವರಿಯಲ್ಲಿ, ತೆಂಗಿನ ತೋಟದಿಂದ ದೂರ, ಬೆಳಿಗ್ಗೆ ಗಾಳಿ ಏಳುವ ಮುಂಚೆ. ರಾಕೆಟ್ ನಿಲ್ಲಿಸುವ ಜಾಗದ ಸುತ್ತ ಒಣಹುಲ್ಲು ಕೆರೆದು ತೆಗೆದು ನೀರು ಹಾಕಬೇಕು.

ಮೋಟಾರಿನ ವಿಷಯವನ್ನು ನೇರವಾಗಿ ಹೇಳುತ್ತೇನೆ. ಅದು ಸ್ಫೋಟಕ. ನಮ್ಮಲ್ಲಿ 1884ರ ಸ್ಫೋಟಕ ಕಾಯ್ದೆ, 2008ರ ಸ್ಫೋಟಕ ನಿಯಮಗಳಿವೆ. ಭಾವ ಮುಂದಿನ ಸಲ ವಿಮಾನದ ಬ್ಯಾಗಿನಲ್ಲಿ ತರುವಂತಿಲ್ಲ, ಕೊರಿಯರ್‌ನಲ್ಲಿ ಕಳಿಸುವಂತಿಲ್ಲ. ಮಗ ವಿಡಿಯೋ ನೋಡಿ ಸಕ್ಕರೆ, ಪೊಟ್ಯಾಸಿಯಂ ನೈಟ್ರೇಟ್ ಕಲಸಿ ಮನೆಯಲ್ಲೇ ಮಾಡುತ್ತೇನೆ ಅಂದರೆ ಸುತರಾಂ ಒಪ್ಪಬೇಡಿ. ಕಾನೂನು ಆಮೇಲಿರಲಿ, ಮೊದಲು ಅವನ ಕೈಬೆರಳು, ಕಣ್ಣು ಉಳಿಯಬೇಕು. ಅನುಮತಿ ಪಡೆದು ರಾಕೆಟ್ ಹಾರಿಸುವ ಎಂಜಿನಿಯರಿಂಗ್ ಕಾಲೇಜು ತಂಡಗಳ ಜೊತೆ ಸೇರುವುದೇ ಸರಿಯಾದ ದಾರಿ. ಹೊಲದ ಯಜಮಾನರು, ಪೊಲೀಸ್ ಠಾಣೆ, ಜಿಲ್ಲಾಧಿಕಾರಿ ಕಚೇರಿ, ಎಲ್ಲರ ಒಪ್ಪಿಗೆಯೂ ಬರಹದಲ್ಲೇ ಇರಲಿ. ಹಾಸನದಲ್ಲಿ ಇಸ್ರೋ ಇದೆಯಲ್ಲ, ಅಲ್ಲಿ ಕೇಳಿದರೆ ಆಗಲ್ವಾ ಅಂತಲೂ ಜನ ಕೇಳುತ್ತಾರೆ. ಅಲ್ಲಿರುವುದು ಉಪಗ್ರಹಗಳನ್ನು ನೋಡಿಕೊಳ್ಳುವ ಮುಖ್ಯ ನಿಯಂತ್ರಣ ಕೇಂದ್ರ. ರಾಕೆಟ್ಟಿನ ಕೆಲಸ ಮುಗಿದ ಮೇಲೆ ಅವರ ಕೆಲಸ ಶುರು.

ಮೋಟಾರ್ ಸಿಗುವ ತನಕ ಕಿಟ್ ಅಟ್ಟದ ಮೇಲೆ ಧೂಳು ತಿನ್ನಬೇಕಾಗಿಲ್ಲ. ಕಟ್ಟುವುದರಲ್ಲೇ ಅರ್ಧ ವಿದ್ಯೆ ಇದೆ. ಇಂಥ ಕಿಟ್‌ಗಳಲ್ಲಿ ಫಿನ್‌ಗಳು, ಅಂದರೆ ಬಾಲದ ರೆಕ್ಕೆಗಳು, ಸಾಮಾನ್ಯವಾಗಿ ಪ್ಲೈವುಡ್‌ನವು. ಅವನ್ನು ಹೊರಗಿನ ಕೊಳವೆಗಷ್ಟೇ ಅಂಟಿಸಿದರೆ ಸಾಲದು. ಸೀಳಿನಲ್ಲಿ ತೂರಿ ಒಳಗಿನ ಮೋಟಾರ್ ಕೊಳವೆಯನ್ನೇ ಮುಟ್ಟಬೇಕು. ಅಂಟು ಹಾಕದೆ ಒಮ್ಮೆ ತೂರಿಸಿ ನೋಡಿ. ಬಿಗಿಯಾದರೆ ಉಪ್ಪು ಕಾಗದದಲ್ಲಿ ಸ್ವಲ್ಪ ಸ್ವಲ್ಪ ಉಜ್ಜಿ. ಹೊಳಪಿರುವ ಕೊಳವೆಯ ಮೈಯನ್ನೂ ಅಂಟುವ ಜಾಗದಲ್ಲಿ ಉಜ್ಜಿ ಒರಟು ಮಾಡಬೇಕು, ಇಲ್ಲದಿದ್ದರೆ ಅರಾಲ್ಡೈಟ್ ಹಿಡಿದಂತೆ ಕಂಡು ಆಮೇಲೆ ಸಿಪ್ಪೆ ಎದ್ದ ಹಾಗೆ ಬಿಡುತ್ತದೆ. ಒಣಗಿದ ನಂತರ ಫಿನ್ನಿನ ಬುಡದ ಎರಡೂ ಕಡೆ ಅಂಟನ್ನು ಬೆರಳಿನಲ್ಲಿ, ಗ್ಲೌಸ್ ಹಾಕಿಕೊಂಡು, ಒಂದೇ ಸಮ ಎಳೆದು ಮೂಲೆ ತುಂಬಿ. ಮಳೆಗಾಲದಲ್ಲಿ ಅಂಟು ಗಟ್ಟಿಯಾಗುವುದು ನಿಧಾನ, ರಟ್ಟು ಥಂಡಿ ಹೀರುತ್ತದೆ. ಹಾಗಾಗಿ ಅವಸರ ಬೇಡ. ಪೇಂಟ್ ಅಂತೂ ಬಿಸಿಲು ಬಂದ ಮೇಲೇ.

ಕಟ್ಟಿದ ಮೇಲೆ ನೆಟ್ಟಗೆ ಹೋಗುತ್ತದೋ ಇಲ್ಲವೋ ಅಂತ ಮನೆಯಂಗಳದಲ್ಲೇ ಅಂದಾಜು ಸಿಗುತ್ತದೆ. ಮೋಟಾರಿನಷ್ಟೇ ತೂಕವನ್ನು ಬಾಲದಲ್ಲಿಟ್ಟು, ಪ್ಯಾರಾಶೂಟ್ ಮಡಚಿ ತುಂಬಿ, ರಾಕೆಟ್ ಎಲ್ಲಿ ಸಮ ನಿಲ್ಲುತ್ತದೋ ಅಲ್ಲಿ ಗಟ್ಟಿ ದಾರ ಕಟ್ಟಿ ತಲೆ ಮೇಲೆ ಸುತ್ತಿಸಿ. ಮೂಗು ಮುಂದೆ ಮಾಡಿ ಸುತ್ತಿದರೆ ಸರಿ. ಅಡ್ಡಡ್ಡ ಹೊರಳಿದರೆ ಮೂಗಿನೊಳಗೆ ತೂಕ ಸೇರಿಸಬೇಕು. ಗಾಳಿಯ ಒತ್ತಡ ಬೀಳುವ ಕೇಂದ್ರಕ್ಕಿಂತ ತೂಕದ ಕೇಂದ್ರ ಕನಿಷ್ಠ ಕೊಳವೆಯ ಒಂದು ಅಗಲದಷ್ಟು ಮುಂದಿರಬೇಕು ಅನ್ನುವುದು ಇದರ ಲೆಕ್ಕ. ತೂಕವನ್ನೂ ಬರೆದಿಡಿ. ಮೋಟಾರಿನ ಸರಾಸರಿ ತಳ್ಳುವ ಬಲ ರಾಕೆಟ್ಟಿನ ತೂಕದ ಐದು ಪಟ್ಟಾದರೂ ಇರಬೇಕು. ಅಂದರೆ ಎಫ್50ಕ್ಕೆ ಸುಮಾರು ಒಂದು ಕಿಲೋ ಮೀರಬಾರದು.

ಹಾರಿಸುವ ದಿನ ಹತ್ತಿಸುವುದು ತಂತಿ ಮೂಲಕ ಕರೆಂಟಿನಿಂದ ಮಾತ್ರ, ಬತ್ತಿ, ಬೆಂಕಿಕಡ್ಡಿ ಇಲ್ಲವೇ ಇಲ್ಲ. ಎಲ್ಲರೂ 30 ಅಡಿಗಿಂತ ದೂರ ನಿಲ್ಲಬೇಕು. ಬಟನ್ ಒತ್ತಿದರೂ ಹೊತ್ತಲಿಲ್ಲ ಅಂದರೆ ಬ್ಯಾಟರಿ ಬಿಚ್ಚಿ ಒಂದು ನಿಮಿಷ ಕಾದ ಮೇಲೆಯೇ ಹತ್ತಿರ ಹೋಗಬೇಕು. ಇಳಿಯುವಾಗ ಎತ್ತರದ ಮರಕ್ಕೆ ಸಿಕ್ಕಿಕೊಂಡರೆ ಹುಡುಗರನ್ನು ಹತ್ತಿಸಬೇಡಿ. ಕರೆಂಟ್ ತಂತಿಗೆ ಸಿಕ್ಕಿಕೊಂಡರೆ ಕೋಲು ತರಬೇಡಿ, ಆ ಊರಿನ ಲೈನ್‌ಮನ್‌ಗೆ ಫೋನ್ ಮಾಡಿ.